ಪುಕ್ಕಟೆ ರೇಡಿಯೋ ಬಾಳುವುದಿಲ್ಲ

ನಮ್ಮ ಕಡೆಯ ಜನರಿಗೆ ಪಟ್ಟಿ ಎತ್ತುವುದು ಹೊಸದಲ್ಲ. ಜಾತ್ರೆಗೆ ಪಟ್ಟಿ, ಬಯಲಾಟಕ್ಕೆ ಪಟ್ಟಿ, ಗುಡಿಯ ಕಳಸಕ್ಕೆ ಪಟ್ಟಿ, ಗಣಪತಿ ಕೂಡಿಸಿದರೆ ಕಿವಿ ಕಿವುಡಾಗುವಂಥ ಡಿಜೆಗೆ ಪಟ್ಟಿ. ಯಾರೂ ಇಲ್ಲವೆನ್ನುವುದಿಲ್ಲ. ಕೈಯಲ್ಲಿ ರೊಕ್ಕವಿಲ್ಲದಿದ್ದರೆ ಒಂದು ಚೀಲ ಭತ್ತವನ್ನಾದರೂ ಕೊಟ್ಟು ಹೆಸರು ಬರೆಸುತ್ತಾರೆ. ಆದರೆ ನಮ್ಮ ಮಾತನ್ನು ನಮಗೇ ಕೇಳಿಸುವ ಒಂದು ಸಣ್ಣ ರೇಡಿಯೋಕ್ಕೆ ತಿಂಗಳಿಗೆ ನೂರು ರೂಪಾಯಿ ಕೊಡಿ ಎಂದು ಕೇಳಿ ನೋಡಿ. ಕೊಡುಗೈ ಜನರೆಲ್ಲ ಒಮ್ಮೆಲೇ ಲೆಕ್ಕದ ಮೇಷ್ಟ್ರಾಗಿಬಿಡುತ್ತಾರೆ.

ಈ ಮಾತಿಗೆ ಕಾರಣವಿದೆ. ದಢೇಸುಗೂರಿನ ಸುತ್ತಿನ ಕೆಲವು ಹುಡುಗ ಹುಡುಗಿಯರು ಮೊಬೈಲಿನಲ್ಲಿ ಕೇಳುವ ಒಂದು ಅಂತರ್ಜಾಲ ರೇಡಿಯೋ ನಡೆಸುತ್ತಿದ್ದಾರೆ. ನನ್ನ ಕೈಯಲ್ಲಿ ಓದಿದವರೂ ಅವರಲ್ಲಿದ್ದಾರೆ. ಬಾಡಿಗೆಯ ಒಂದು ಕೋಣೆ, ಒಂದು ಹಳೆಯ ಕಂಪ್ಯೂಟರು, ಒಂದು ಮೈಕು, ಇಷ್ಟೇ ಅವರ ನಿಲಯ. ಹಣಕ್ಕಾಗಿ ಅವರು ಮನೆ ಮನೆ ತಿರುಗಿದಾಗ ಒಂದೆರಡು ಸಂಜೆ ನಾನೂ ಜೊತೆಗೆ ಹೋಗಿದ್ದೆ. ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷಿನ್ನು ಎರಡನ್ನೂ ಇಟ್ಟುಕೊಂಡ ಮನೆಯ ಹಿರಿಯರೊಬ್ಬರು, “ಅಕ್ಕೋರೆ, ಪುಕ್ಕಟೆ ಕೇಳಾಕ ಬರ್ತೈತಂತೀರಿ, ಮತ್ತ ರೊಕ್ಕ ಯಾಕ ಕೊಡ್ಬೇಕ್ರಿ?” ಎಂದರು. ಪ್ರಶ್ನೆ ಅವರೊಬ್ಬರದಲ್ಲ, ಇಡೀ ಊರಿನದು. ಆದ್ದರಿಂದ ಉತ್ತರವನ್ನೂ ಎಲ್ಲರಿಗೂ ಕೇಳುವಂತೆಯೇ ಹೇಳಬೇಕು.

ಮೊದಲನೆಯದಾಗಿ, ರೇಡಿಯೋ ಎಂದೂ ಪುಕ್ಕಟೆಯಾಗಿರಲಿಲ್ಲ. ನನ್ನ ವಯಸ್ಸಿನವರಿಗೆ ನೆನಪಿರಬೇಕು. ಮನೆಯಲ್ಲಿ ರೇಡಿಯೋ ಇಟ್ಟವರು ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಿ ವರ್ಷ ವರ್ಷ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಆ ಲೈಸೆನ್ಸು ಹೋಯಿತು, ಖರ್ಚೇನೂ ಹೋಗಲಿಲ್ಲ. ಅದನ್ನು ನಮ್ಮ ತೆರಿಗೆಯಿಂದಲೇ ಸರ್ಕಾರ ತುಂಬಿಕೊಂಡಿತು. ಕೊಡುವುದು ನಿಲ್ಲಲಿಲ್ಲ, ಕೊಡುತ್ತಿದ್ದೇವೆಂಬ ನೆನಪಷ್ಟೇ ಹೋಯಿತು. ನೆನಪು ಹೋದಲ್ಲಿ ಹಕ್ಕಿನ ಮಾತೂ ಹೋಗುತ್ತದೆ.

ಇನ್ನೂ ಹಿಂದಕ್ಕೆ ಹೋಗೋಣ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಯಂತ್ರವಿಟ್ಟು ಪ್ರಸಾರ ಶುರುಮಾಡಿದರು. ಅವರ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ನಾವು ಹೆಮ್ಮೆಯಿಂದ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಮುಗಿಯಬಾರದು. ಆ ಮೇಷ್ಟ್ರು ತಮ್ಮ ಕೈಯಿಂದ ಹಣ ಹಾಕಿದರು, ನೆರವಿಗಾಗಿ ಬೇರೆಯವರ ಮುಂದೆ ಕೈಚಾಚಿದರು, ಸುಮಾರು ಆರು ವರ್ಷ ಎಳೆದರು. ಕೊನೆಗೆ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಒಬ್ಬರ ಸಂಬಳದ ಮೇಲೆ ಒಂದು ನಾಡಿನ ದನಿ ಬಹಳ ದಿನ ನಿಲ್ಲುವುದಿಲ್ಲ. ಅದಕ್ಕೇ ಇವತ್ತು ಯಾರಾದರೂ “ಆ ಹುಡುಗರಿಗೆ ಹುಮ್ಮಸ್ಸಿದೆ, ನಡೆಸಿಕೊಂಡು ಹೋಗುತ್ತಾರೆ” ಎಂದರೆ ನನಗೆ ಸಿಟ್ಟು ಬರುತ್ತದೆ. ಹುಮ್ಮಸ್ಸಿನಿಂದ ಕರೆಂಟಿನ ಬಿಲ್ಲು ತುಂಬಲಾಗುವುದಿಲ್ಲ.

ಅಂತರ್ಜಾಲ ರೇಡಿಯೋಕ್ಕೆ ಟವರು ಬೇಡ, ತರಂಗದ ಪರವಾನಗಿ ಬೇಡ, ನಿಜ. ಆದರೆ ಅದಕ್ಕೊಂದು ಬೇರೆಯೇ ಸಂಕಟವಿದೆ. ಎಫ್.ಎಂ. ಕೇಂದ್ರದ ಪ್ರಸಾರವನ್ನು ನೂರು ಜನ ಕೇಳಿದರೂ ಲಕ್ಷ ಜನ ಕೇಳಿದರೂ ಯಂತ್ರದ ಖರ್ಚು ಒಂದೇ. ಅಂತರ್ಜಾಲದಲ್ಲಿ ಕೇಳುವ ಪ್ರತಿಯೊಬ್ಬರಿಗೂ ಸರ್ವರಿನಿಂದ ಬೇರೆ ಬೇರೆ ಎಳೆ ಹೋಗಬೇಕು. ತೂಬು ಹೆಚ್ಚಿದಷ್ಟೂ ಕಾಲುವೆಗೆ ನೀರು ಹೆಚ್ಚು ಬೇಕಾದ ಹಾಗೆ, ಕೇಳುಗರು ಹೆಚ್ಚಿದಷ್ಟೂ ಬಾಡಿಗೆ ಏರುತ್ತದೆ. ಸಿನಿಮಾ ಹಾಡು ಹಾಕಿದರೆ ಹಕ್ಕುದಾರರಿಗೆ ಕೊಡಬೇಕಾದದ್ದು ಬೇರೆ. ಅಮೆರಿಕದ ಸೋಮಾ ಎಫ್.ಎಂ. ಎಂಬ ಅಂತರ್ಜಾಲ ರೇಡಿಯೋ 2000ದಲ್ಲಿ ಶುರುವಾಗಿ, ಹಾಡಿನ ಹಕ್ಕಿನ ಶುಲ್ಕ ಕಟ್ಟಲಾಗದೆ 2002ರಲ್ಲಿ ಕೆಲವು ತಿಂಗಳು ಬಾಯಿ ಮುಚ್ಚಬೇಕಾಯಿತು. ಮತ್ತೆ ಎದ್ದು ನಿಂತು ಜಾಹೀರಾತಿಲ್ಲದೆ ಕೇಳುಗರ ಕಾಣಿಕೆಯಿಂದ ನಡೆಯಿತು. ಸಾಫ್ಟ್‌ವೇರಿನ ತವರಿನಲ್ಲೇ ಹೀಗಾದರೆ ದಢೇಸುಗೂರಿನ ಪಾಡೇನು?

ಹಾಗಾದರೆ ಸರ್ಕಾರ ಕೊಡಲಿ, ಜಾಹೀರಾತು ಹಾಕಲಿ ಎನ್ನುತ್ತೀರಿ. ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ಆದರೆ ಊರಿನ ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೋದ ಬಾಗಿಲು ತೆರೆದದ್ದು 2006ರಲ್ಲಿ. ಅಷ್ಟರೊಳಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಪರವಾನಗಿ ಇಲ್ಲದ್ದಕ್ಕೆ ಕೇಬಲ್ ತಂತಿಯಲ್ಲೇ ತಮ್ಮ ಕಾರ್ಯಕ್ರಮವನ್ನು ಮನೆಗಳಿಗೆ ಮುಟ್ಟಿಸಿದ್ದರು. ನಮ್ಮ ಬೀದರಿನ ನೆರೆಯ ಜಹೀರಾಬಾದಿನ ಕಡೆ ದಲಿತ ಹೆಣ್ಣುಮಕ್ಕಳು 2008ರಲ್ಲಿ ‘ಸಂಘಂ ರೇಡಿಯೋ’ ಶುರುಮಾಡಿ ತೋರಿಸಿದರು. ಎರಡಕ್ಕೂ ಸಂಸ್ಥೆಗಳ ಆಸರೆಯಿತ್ತು, ಯುನೆಸ್ಕೋ ನೆರವಿತ್ತು. ಹೊರಗಿನ ನೆರವು ಬೀಜವಿದ್ದಂತೆ, ಬೇಡವೆನ್ನಬಾರದು. ಆದರೆ ವರ್ಷ ವರ್ಷದ ಬೆಳೆಯನ್ನು ಊರೇ ತೆಗೆಯಬೇಕು.

ಜಾಹೀರಾತಿನ ಮಾತಿಗೆ ಬರೋಣ. ಸಮುದಾಯ ರೇಡಿಯೋಗಳಿಗೆ ಗಂಟೆಗೆ 7 ನಿಮಿಷವಿದ್ದ ಜಾಹೀರಾತಿನ ಮಿತಿಯನ್ನು 2024ರಲ್ಲಿ 12 ನಿಮಿಷಕ್ಕೆ ಏರಿಸಿದರು. ಒಳ್ಳೆಯದೇ. ಅಂತರ್ಜಾಲ ರೇಡಿಯೋಕ್ಕೆ ಆ ಮಿತಿಯೂ ಇಲ್ಲವೆನ್ನಿ. ಆದರೆ ನಮ್ಮಲ್ಲಿ ಜಾಹೀರಾತು ಕೊಡುವವರು ಯಾರು? ಬೀಜದಂಗಡಿ, ಗೊಬ್ಬರದಂಗಡಿ, ಔಷಧದ ಕಂಪನಿ. ಅವರ ದುಡ್ಡಿನಲ್ಲಿ ನಡೆಯುವ ರೇಡಿಯೋ ಕಳಪೆ ಬೀಜದ ಮಾತೆತ್ತೀತೇ? ಭತ್ತದ ಗದ್ದೆಗೆ ಔಷಧ ಹೊಡೆಯುತ್ತಾ ತಲೆಸುತ್ತಿ ಬೀಳುವ ಕೂಲಿಯವನನ್ನು ಮಾತಾಡಿಸೀತೇ? ಚುನಾವಣೆಗೆ ನಿಲ್ಲುವವರ ದುಡ್ಡಾದರೆ ಕೇಳುವುದೇ ಬೇಡ. ಯಾರ ಅನ್ನವೋ ಅವರ ಹಾಡು. ಆ ಅನ್ನ ನಮ್ಮದಾಗದೆ ಹಾಡು ನಮ್ಮದಾಗುವುದಿಲ್ಲ.

ಹೀಗೆಂದು ಎಲ್ಲರೂ ಕೊಡಬೇಕಾಗಿಲ್ಲ. ಅಮೆರಿಕದ ಬರ್ಕ್ಲಿ ಊರಿನಲ್ಲಿ ಲೂಯಿಸ್ ಹಿಲ್ ಎಂಬುವರು 1949ರಲ್ಲಿ ಕೆ.ಪಿ.ಎಫ್.ಎ. ಎಂಬ ನಿಲಯ ಕಟ್ಟಿದಾಗ, ಕೇಳುವವರಲ್ಲಿ ನೂರಕ್ಕೆ ಇಬ್ಬರು ಚಂದಾ ಕಟ್ಟಿದರೆ ಸಾಕು ಎಂದು ಲೆಕ್ಕ ಹಾಕಿದ್ದರು. 1950ರಲ್ಲಿ ಹಣವಿಲ್ಲದೆ ಅದು ನಿಂತೇಹೋಯಿತು. ಕೇಳುಗರೇ ಹಣ ಕೂಡಿಸಿ 1951ರಲ್ಲಿ ಮತ್ತೆ ಎಬ್ಬಿಸಿದರು. ನಮ್ಮ ಲೆಕ್ಕ ನೋಡಿ. 2000 ಜನ ಕೇಳುತ್ತಾರೆನ್ನಿ. ನೂರಕ್ಕೆ ಇಬ್ಬರಂತೆ 40 ಜನ, ತಲೆಗೆ 100 ರೂಪಾಯಿ, ತಿಂಗಳಿಗೆ 4000. ಇದರಲ್ಲಿ ಯಾರಿಗೂ ಸಂಬಳ ಹುಟ್ಟುವುದಿಲ್ಲ. ನೂರಕ್ಕೆ ಹತ್ತು ಜನ ಕೊಟ್ಟರೆ 20,000. ಆಗ ಒಬ್ಬ ಹುಡುಗಿ ಬೆಂಗಳೂರಿನ ಬಸ್ಸು ಹತ್ತದೆ ಇಲ್ಲೇ ಮೈಕಿನ ಮುಂದೆ ಕೂಡಬಹುದು. ಬಡವರು ಕೊಡುವುದು ಬೇಡ, ಅವರು ಮಾತಾಡಲಿ. ಕೊಡಬೇಕಾದವರು ನಾವು, ತಿಂಗಳ ಸಂಬಳದವರು, ನೀರಾವರಿ ಜಮೀನಿನವರು.

ಇದೆಲ್ಲ ಯಾತಕ್ಕೆ ಎನ್ನುವವರಿಗೆ 2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸುತ್ತೇನೆ. ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಮರುದಿನದಿಂದ ನಮ್ಮ ಹೊಳೆದಂಡೆಯ ಊರುಗಳಲ್ಲಿ ಮೊಬೈಲಿಗೆ ಬಂದದ್ದರಲ್ಲಿ ಸುದ್ದಿ ಯಾವುದು, ಗಾಳಿಮಾತು ಯಾವುದು ಎಂದು ತಿಳಿಯದೆ ಜನ ಒದ್ದಾಡಿದರು. ಹೊಳೆಗೆ ನೀರೆಷ್ಟು ಬಿಟ್ಟಿದ್ದಾರೆ, ಎರಡನೇ ಬೆಳೆಗೆ ಕಾಲುವೆಗೆ ನೀರು ಉಳಿಯುತ್ತದೆಯೇ ಎಂದು ನಮ್ಮ ಭಾಷೆಯಲ್ಲಿ, ನಮಗೆ ಗುರುತಿರುವ ದನಿಯಲ್ಲಿ ಹೇಳುವವರು ಬೇಕಿತ್ತು. ದೊಡ್ಡ ಚಾನೆಲ್ಲುಗಳು ಗೇಟಿನ ಚಿತ್ರ ತೋರಿಸಿ ಹೋದವು. ಕೊನೆಯ ಭಾಗದ ರೈತನ ಗದ್ದೆ, ಕ್ಯಾಂಪಿನಲ್ಲಿ ನೆಲೆಸಿದ ಬಂಗಾಳಿ ತಾಯಿಯ ಹಾಡು, ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದವರು ಭತ್ತದ ರೋಗಕ್ಕೆ ಹೇಳುವ ಮದ್ದು, ಇವೆಲ್ಲ ಯಾವ ದೊಡ್ಡ ಚಾನೆಲ್ಲಿಗೂ ಬೇಕಿಲ್ಲ. ಬೇಕಾಗಿರುವುದು ನಮಗೆ.

ರೇಡಿಯೋ ನಡೆಸುವ ಮಕ್ಕಳಿಗೂ ಒಂದು ಮಾತು. ಭಿಕ್ಷೆ ಬೇಡುವವರ ಹಾಗೆ ತಲೆ ತಗ್ಗಿಸಿ ಕೇಳಬೇಡಿ. ನೀವು ಕೇಳುತ್ತಿರುವುದು ಮಾಡಿದ ಕೆಲಸದ ಕೂಲಿ. ಆದರೆ ಬಂದದ್ದು, ಹೋದದ್ದು, ಉಳಿದದ್ದನ್ನು ತಿಂಗಳ ಮೊದಲ ದಿನ ಪೈಸೆ ಬಿಡದೆ ರೇಡಿಯೋದಲ್ಲೇ ಓದಿ ಹೇಳಿ. ಗುಡಿಯ ಪಟ್ಟಿಯ ಲೆಕ್ಕ ಕೇಳಲು ಅಂಜುವ ಜನ ನಿಮ್ಮ ಲೆಕ್ಕ ಕೇಳಿದರೆ ಮುಖ ಸಿಂಡರಿಸಬೇಡಿ, ಸಂತೋಷಪಡಿ. ಲೆಕ್ಕ ಕೇಳುವವರು ರೇಡಿಯೋ ತಮ್ಮದೆಂದು ತಿಳಿದವರು.

ಉಳಿದವರಿಗೆ ಹೇಳುವುದಿಷ್ಟೇ. ನಾಳೆ ಆ ಮಕ್ಕಳು ನಿಮ್ಮ ಬಾಗಿಲಿಗೆ ಬರುತ್ತಾರೆ. ಚಹಾ ಕೊಟ್ಟು, ಬೆನ್ನು ತಟ್ಟಿ, “ಒಳ್ಳೇ ಕೆಲಸ ಮಾಡಾಕತ್ತೀರಿ” ಎಂದು ಸಾಗಹಾಕಬೇಡಿ. ಪಟ್ಟಿಯಲ್ಲಿ ಹೆಸರು ಬರೆಸಿ, ಮುಂದಿನ ತಿಂಗಳೂ ಕೊಡಿ.