ಅಳೆಯದೆ ಕೊಳ್ಳುವ ವೇಗ

ಪಹಣಿಗಾಗಿಯೋ, ಆದಾಯದ ಪ್ರಮಾಣಪತ್ರಕ್ಕಾಗಿಯೋ, ವಿದ್ಯಾರ್ಥಿವೇತನದ ಅರ್ಜಿಗಾಗಿಯೋ ಕಚೇರಿಯ ಕಿಟಕಿಯೆದುರು ನಿಂತವರು ಒಂದು ಮಾತನ್ನು ಕೇಳಿರದೆ ಇರಲಾರರು: "ಇವತ್ತು ಸರ್ವರ್ ಇಲ್ಲ." ಮುಂಡರಗಿಯ ಅಥವಾ ಶಿರಹಟ್ಟಿಯ ಕಡೆಯ ಹಳ್ಳಿಯಿಂದ ಒಂದು ದಿನದ ದುಡಿಮೆಯನ್ನು ಬಿಟ್ಟು ಉತಾರ ಪಡೆಯಲು ಬಂದ ರೈತನಿಗೆ ಈ ಮಾತು ದೈವದ ತೀರ್ಪಿನಂತೆ ಕೇಳಿಸುತ್ತದೆ. ಆದರೆ ಅನೇಕ ವೇಳೆ ಸರ್ವರ್ ಇದ್ದೇ ಇರುತ್ತದೆ, ತಂತಿಯೂ ತುಂಡಾಗಿರುವುದಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತ ಸಾಗುವುದು ಮಾತ್ರ ನಿಧಾನವಾಗಿರುತ್ತದೆ. ಈ ನಿಧಾನಕ್ಕೆ ಕಾರಣಗಳುಂಟು, ಅವನ್ನು ಅಳೆಯಬಹುದು. ಅಳೆಯುವುದಕ್ಕೆ ಮೊದಲೇ ಹೊಸ ಯಂತ್ರವನ್ನೂ ಹೆಚ್ಚಿನ ಸಂಪರ್ಕವನ್ನೂ ಕೊಳ್ಳುವುದು ನಾಡಿನ ಹಣದ ಅಪವ್ಯಯವೆಂಬುದೇ ಈ ಲೇಖಕನ ಅಭಿಪ್ರಾಯ.

ಸಮಸ್ಯೆಯ ಹುಟ್ಟನ್ನು ಮೊದಲು ನೋಡೋಣ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಮೊದಮೊದಲು ಪ್ರತಿಯೊಂದು ತಾಲೂಕು ಕಚೇರಿಯಲ್ಲಿಯೂ ಅದರದೇ ಸರ್ವರ್ ಇದ್ದಿತು; ಅನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಂದುಗೂಡಿದುವು. ದಾಖಲೆಯ ರಕ್ಷಣೆಗೆ ಇದು ಒಳ್ಳೆಯದೇ. ಆದರೆ ಒಂದೇ ಕೋಣೆಯೊಳಗೆ ನಡೆಯುತ್ತಿದ್ದ ಸಂಭಾಷಣೆ ಈಗ ಸುಮಾರು 400 ಕಿಲೋಮೀಟರ್ ದೂರದವರೊಡನೆ ನಡೆಯಬೇಕಾಯಿತು. ದೂರವಿದ್ದಲ್ಲಿ ತಡವೂ ಇರಲೇಬೇಕಷ್ಟೆ.

ಸಂಪರ್ಕದ ಅಗಲ ಬೇರೆ, ಹಾದಿಯ ತಡ ಬೇರೆ. ಗದಗಿನ ವ್ಯಾಪಾರಿಯೊಬ್ಬನು 40 ಕಿಲೋಮೀಟರ್ ದೂರದ ಮುಂಡರಗಿಯಿಂದ ನೂರು ಚೀಲ ಶೇಂಗಾ ತರಿಸಬೇಕಾಗಿದೆ ಎಂದುಕೊಳ್ಳೋಣ. ಆಳು ಪ್ರತಿ ಸಲವೂ ಒಂದೇ ಚೀಲ ತಂದು, ಅದು ಮುಟ್ಟಿತೆಂದು ಒಪ್ಪಿಸಿ, ಮತ್ತೊಂದಕ್ಕಾಗಿ ಹಿಂದಿರುಗುವುದಾದರೆ, ರಸ್ತೆಯನ್ನು ನಾಲ್ಕು ಪಟ್ಟು ಅಗಲ ಮಾಡಿದರೂ ಕೆಲಸ ಬೇಗ ಮುಗಿಯದು. ಕಡತ ಹಂಚಿಕೆಯಲ್ಲಿಯೂ ಹೀಗೆಯೇ. ಒಂದು ಯಂತ್ರವು "ನಾನು ಯಾರು, ಕಡತ ಎಲ್ಲಿದೆ, ಓದಲು ಅನುಮತಿ ಉಂಟೆ, ಗಾತ್ರವೆಷ್ಟು" ಎಂದು ಕೇಳುತ್ತದೆ, ಇನ್ನೊಂದು ಉತ್ತರಿಸುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 400 ಕಿಲೋಮೀಟರ್ ಹೋಗಿ ಬರಲು 4 ಮಿಲಿಸೆಕೆಂಡುಗಳಾದರೂ ಬೇಕು. ಸುತ್ತುಬಳಸಿನ ಹಾದಿಯಲ್ಲಿ, ನಡುವಣ ಉಪಕರಣಗಳಲ್ಲಿ ತಂಗುತ್ತ ಬಂದಾಗ ಅದು 20 ಆಯಿತೆನ್ನೋಣ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ! ಆದರೆ ಚಿಕ್ಕ ಚಿಕ್ಕ ಕಡತಗಳ ಒಂದು ಕಟ್ಟನ್ನು ತೆರೆಯಲು, ಒಂದರ ಮೇಲೊಂದರಂತೆ ಸಾವಿರ ಪ್ರಶ್ನೋತ್ತರಗಳು ಬೇಕಾದರೆ, 20 ಸೆಕೆಂಡುಗಳು ಬರಿಯ ಕಾಯುವಿಕೆಯಲ್ಲಿಯೇ ಕಳೆದುವು. 100 ಮೆಗಾಬಿಟ್ಟಿನ ಸಂಪರ್ಕವನ್ನು 1000ಕ್ಕೆ ಏರಿಸಿದರೂ ಆ 20 ಸೆಕೆಂಡುಗಳು ಹಾಗೆಯೇ ಉಳಿಯುತ್ತವೆ.

ದೊಡ್ಡ ಕಡತಕ್ಕೂ ಇಂತಹದೇ ಕಟ್ಟು ಉಂಟು. ಕಳುಹಿಸುವ ಯಂತ್ರವು 'ತಲುಪಿತು' ಎಂಬ ಮರುದನಿ ಬರುವವರೆಗೆ ಒಂದು ಮಿತಿಯಷ್ಟೇ ಬೈಟುಗಳನ್ನು ಹಾದಿಗೆ ಬಿಡಬಲ್ಲುದು. ಹಳೆಯ ಕ್ರಮದಲ್ಲಿ ಈ ಮಿತಿ 65,535 ಬೈಟುಗಳು. 20 ಮಿಲಿಸೆಕೆಂಡಿನ ಹಾದಿಯಲ್ಲಿ ಸೆಕೆಂಡಿಗೆ 50 ಸರದಿಗಳು. ಗುಣಿಸಿದರೆ ಸುಮಾರು 33 ಲಕ್ಷ ಬೈಟು, ಎಂದರೆ 26 ಮೆಗಾಬಿಟ್. ಉಳಿದ ಅಗಲಕ್ಕೆ ಹಣ ತೆತ್ತೂ ಅದು ಬರಿದು. ಈ ಮಿತಿಯನ್ನು ಹಿಗ್ಗಿಸುವ ಉಪಾಯವನ್ನು 1992ರಲ್ಲಿಯೇ ವಿಧಿಸಲಾಗಿದೆ. ಆದರೆ ನಡುವೆ ಕುಳಿತ ಒಂದು ಹಳೆಯ ಉಪಕರಣ ಅದನ್ನು ಕೆಡಿಸಬಹುದು.

ಮೂರನೆಯದು ಹೊಂದಾಣಿಕೆಯ ದೋಷ. ಗದಗ–ಹೊಟಗಿ ರೈಲುಮಾರ್ಗವು ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಎರಡು ಕಡೆಯ ಹಳಿಗಳೂ ಚೆನ್ನಾಗಿಯೇ ಇದ್ದುವು. ಆದರೂ ಅಗಲದ ಹಳಿ ಕಿರಿದಾದುದನ್ನು ಸಂಧಿಸುವಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗುತ್ತಿತ್ತು. ಜಾಲದ ಸಂಧಿಗಳಲ್ಲಿಯೂ ಇಂತಹ ತೊಡಕುಂಟು. 100 ಮೆಗಾಬಿಟ್ ಕಾಲದ ಉಪಕರಣಗಳಲ್ಲಿ ತಂತಿಯ ಒಂದು ತುದಿಯನ್ನು ಏಕಕಾಲದಲ್ಲಿ ಕಳುಹಿಸಿ ಪಡೆಯುವಂತೆ ಕೈಯಿಂದ ನಿಗದಿ ಮಾಡಿ, ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರೆ, ಈ ಇನ್ನೊಂದು ತುದಿ ಸರದಿಯಂತೆ ಮಾತನಾಡುವ ಕ್ರಮಕ್ಕೆ ಇಳಿಯುತ್ತದೆ. ಆಗ ಚಿಕ್ಕ ಪರೀಕ್ಷೆಗಳೆಲ್ಲ ಸರಿಯಾಗಿ ತೋರುತ್ತವೆ. ದೊಡ್ಡ ಕಡತ ಬಂತೆಂದರೆ ತಾಕಲಾಟ ಆರಂಭ.

ಇಂತಹ ನಿಧಾನ ಬಡ ಜಿಲ್ಲೆಗಳಿಗೆ ಮೀಸಲೆಂದು ಯಾರೂ ಭಾವಿಸಬೇಕಾಗಿಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ ನಡುವೆ, ಕೇವಲ 400 ಗಜಗಳ ಅಂತರದಲ್ಲಿ, ವೇಗವು ಸೆಕೆಂಡಿಗೆ 32 ಸಾವಿರ ಬಿಟ್ಟುಗಳಿಂದ 40 ಬಿಟ್ಟುಗಳಿಗೆ ಕುಸಿಯಿತು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಎಂಬವರು ಕಾರಣವನ್ನು ಹುಡುಕಿದರು. ದಟ್ಟಣೆಯಲ್ಲಿ ಪೊಟ್ಟಣಗಳು ಕಳೆದುಹೋದಂತೆಲ್ಲ ಯಂತ್ರಗಳು ಅವನ್ನೇ ಮತ್ತೆ ಮತ್ತೆ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದುವು. ಮರುದನಿಯನ್ನು ಗಮನಿಸಿ, ನಷ್ಟ ಕಂಡರೆ ಕೈ ಬಿಗಿಹಿಡಿಯುವ ನಿಯಮವೇ ಅದಕ್ಕೆ ಮದ್ದಾಯಿತು. ಇಂದಿನ ಅಂತರಜಾಲ ನಿಂತಿರುವುದು ಆ ನಿಯಮದ ಮೇಲೆ. ಅದು ಅಂಗಡಿಯಿಂದ ಬಂದುದಲ್ಲ, ಅಳತೆಯಿಂದ ಬಂದುದು.

ಹಾಗಾದರೆ ಅಳೆಯುವುದು ಹೇಗೆ? ಕ್ರಮ ಸರಳವಾದುದು. ಮೊದಲು, ಜಾಲವನ್ನು ಬಿಟ್ಟು, ಸರ್ವರಿನ ಡಿಸ್ಕ್ ತನ್ನಷ್ಟಕ್ಕೆ ಎಷ್ಟು ವೇಗದಿಂದ ಓದುತ್ತದೆಂದು ನೋಡಬೇಕು. ಎರಡನೆಯದಾಗಿ, ಡಿಸ್ಕನ್ನು ಬಿಟ್ಟು, ಒಂದರ ಸ್ಮೃತಿಯಿಂದ ಇನ್ನೊಂದರ ಸ್ಮೃತಿಗೆ ದತ್ತಾಂಶ ಹರಿಸಿ ತಂತಿಯನ್ನು ಮಾತ್ರ ಪರೀಕ್ಷಿಸಬೇಕು. ಮೂರನೆಯದಾಗಿ, ಹೋಗಿಬರುವ ಕಾಲವನ್ನೂ ಕಳೆದುಹೋಗುವ ಪೊಟ್ಟಣಗಳನ್ನೂ ಎಣಿಸಬೇಕು. ಕೊನೆಗೆ ಒಂದು ದೊಡ್ಡ ಕಡತವನ್ನೂ, ಅಷ್ಟೇ ತೂಕದ ಸಾವಿರ ಚಿಕ್ಕ ಕಡತಗಳನ್ನೂ ಕಳುಹಿಸಿ ಹೋಲಿಸಬೇಕು. ದೊಡ್ಡದು ಬೇಗ ಬಂದು ಚಿಕ್ಕವು ತಡವಾದರೆ ಸಂಶಯ ಪ್ರಶ್ನೋತ್ತರಗಳ ಮೇಲೆ. ಅವನ್ನು ಒಂದೇ ಕಟ್ಟಾಗಿ ಕಟ್ಟಿ ಕಳುಹಿಸಿದರೆ ಅರ್ಧ ರೋಗ ವಾಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿಯೊಂದನ್ನೂ ಬರೆದಿಡತಕ್ಕದ್ದು. ಬಿಟ್ ಬೈಟುಗಳ ಗೊಂದಲವೂ ಬೇಡ: 100 ಮೆಗಾಬಿಟ್ ಎಂದರೆ ಹೆಚ್ಚೆಂದರೆ 12.5 ಮೆಗಾಬೈಟ್, ಅದರಲ್ಲಿ 11 ಬಂದರೆ ದೂರಲು ಕಾರಣವಿಲ್ಲ.

"ತಾಲೂಕಿನ ಗುಮಾಸ್ತನಿಗೆ ಇದೆಲ್ಲ ಸಾಧ್ಯವೇ?" ಎಂಬ ಆಕ್ಷೇಪ ನ್ಯಾಯವಾದುದೇ. ಅದು ಅವನ ಕೆಲಸವಲ್ಲ. ಆದರೆ ಗದಗ-ಬೆಟಗೇರಿಯಲ್ಲಿಯೂ ಲಕ್ಷ್ಮೇಶ್ವರದಲ್ಲಿಯೂ ಕಾಲೇಜುಗಳುಂಟು. ಎರಡು ಗಣಕಯಂತ್ರ, ಒಂದು ತಂತಿ, ಒಂದು ಗಡಿಯಾರ ಇದ್ದರೆ ವಿದ್ಯಾರ್ಥಿಗಳು ಈ ಪರೀಕ್ಷೆಗಳನ್ನು ಕಲಿಯಬಹುದು. ಹೊಸದನ್ನು ಕೊಳ್ಳುವುದು ಎಂದಿಗೂ ತಪ್ಪೆಂದು ನಾನು ಹೇಳುತ್ತಿಲ್ಲ. ತಂತಿ ನಿಜವಾಗಿ ತುಂಬಿಹರಿಯುತ್ತಿದೆಯೆಂದು ಅಳತೆಯೇ ಹೇಳಿದರೆ ಕೊಳ್ಳಲೇಬೇಕು. ವೇಗದ ಆಸೆಗೆ ರಕ್ಷಣೆಯ ಏರ್ಪಾಡುಗಳನ್ನು ಕಳಚುವುದು ಮಾತ್ರ ಸಲ್ಲದು.

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ ಭಾರತದ ಮೊದಲ ಕೃಷಿ ಸಹಕಾರಿ ಸಂಘ ಹುಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಿ ಜೋಡಿಸುವ ಯೋಜನೆಗೆ ಒಪ್ಪಿಗೆಯಿತ್ತಿತು. ಎಂದರೆ ರೈತನ ಸಾಲದ ಲೆಕ್ಕವೂ ಇನ್ನು ಈ ತಂತಿಯ ಮೇಲೆಯೇ ಓಡಬೇಕು. ಹಣದ ಲೆಕ್ಕವನ್ನು ಬರೆದಿಡುವಂತೆಯೇ ಕಾಯಿಸಿದ ಕಾಲದ ಲೆಕ್ಕವನ್ನೂ ಪ್ರತಿ ಕಚೇರಿಯೂ ಬರೆದಿಡಲಿ. "ಸರ್ವರ್ ಇಲ್ಲ" ಎಂಬ ಉತ್ತರ ಬಂದಾಗ, "ಯಾವ ಭಾಗದಲ್ಲಿ, ಎಷ್ಟು ತಡ?" ಎಂದು ವಿನಯದಿಂದ ಕೇಳುವ ಹಕ್ಕು ನಮ್ಮ ತರುಣರಿಗೆ ಉಂಟು; ಆ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುವ ಹೊಣೆಯೂ ಉಂಟು.