ಚಲನೆಯ ಪದಗಳು ಮತ್ತು ಭಾಷಾಂತರಕಾರನ ಅನಿವಾರ್ಯತೆ

ಇಂಗ್ಲಿಷ್ ಮತ್ತು ಜರ್ಮನ್ ಒಂದೇ ಜರ್ಮಾನಿಕ್ ಶಾಖೆಯ ಭಾಷೆಗಳಾದುದರಿಂದ ಅವುಗಳ ನಡುವಣ ಭಾಷಾಂತರ ಸುಗಮವೆಂಬ ಗ್ರಹಿಕೆ ಸಾಮಾನ್ಯವಾಗಿದೆ. ಚಲನೆಯ ಪದಗಳ ಮಟ್ಟಿಗೆ ಈ ಗ್ರಹಿಕೆಗೆ ಶಾಸ್ತ್ರದ ಬೆಂಬಲವೂ ಇರುವಂತೆ ತೋರುತ್ತದೆ. ಲೆನರ್ಡ್ ಟಾಲ್ಮಿ 1985ರಲ್ಲಿ ಮಂಡಿಸಿದ ವರ್ಗೀಕರಣವನ್ನು ಅನುಸರಿಸಿದರೆ, ಎರಡೂ ಭಾಷೆಗಳು ಚಲನೆಯ ರೀತಿಯನ್ನು ಕ್ರಿಯಾಪದದಲ್ಲಿಯೂ ಅದರ ಪಥವನ್ನು ಹೊರಗಿನ ಉಪಪದಗಳಲ್ಲಿಯೂ ಇರಿಸುತ್ತವೆ. ಅಂತೆಯೇ ವಿರಾಮವಾಗಿ ಅಡ್ಡಾಡುವ ‘ಸ್ಟ್ರೋಲ್’ಗೆ ‘ಶ್ಲೆಂಡರ್ನ್’, ಬೀಗಿ ನಡೆಯುವ ‘ಸ್ಟ್ರಟ್’ಗೆ ‘ಶ್ಟೊಲ್ತ್ಸೀರೆನ್’ ಸಿದ್ಧವಾಗಿ ದೊರೆಯುತ್ತವೆ. ನಿಜವಾದ ತೊಡಕು ಎದುರಾಗುವುದು ಯಾರೂ ನಿಘಂಟು ತೆರೆದು ನೋಡದ ‘ಗೋ’, ‘ರನ್’, ‘ಪೇಸ್’ಗಳಲ್ಲಿ.

ಒಬ್ಬಾಕೆ ಬರ್ಲಿನ್ನಿಗೆ ಹೋದಳೆಂದು ಇಂಗ್ಲಿಷ್ ಕಾದಂಬರಿಯೊಂದು ಹೇಳುತ್ತದೆ ಎಂದಿಟ್ಟುಕೊಳ್ಳಬಹುದು. ‘ಗೋ’ ಪ್ರಯಾಣದ ಸಾಧನವನ್ನು ತಿಳಿಸುವುದಿಲ್ಲ. ಜರ್ಮನ್ನಿನಲ್ಲಿ ಅದಕ್ಕೆ ‘ಗೇಎನ್’ ಎಂದು ಬಳಸಿದರೆ ಆಕೆ ನಡೆದುಹೋದಳೆಂದೋ ನೆಲೆಸುವುದಕ್ಕಾಗಿ ಹೋದಳೆಂದೋ ಅರ್ಥ ಬರುತ್ತದೆ. ರೈಲು, ಗಾಡಿ, ಹಡಗುಗಳಿಗೆ ‘ಫಾರೆನ್’ ಬೇಕು, ವಿಮಾನಕ್ಕೆ ‘ಫ್ಲೀಗೆನ್’. ‘ರೈಜೆನ್’ ಎಂಬ ತಟಸ್ಥ ಪದವೊಂದಿದೆ; ಆದರೆ ಅದು ಸುಮ್ಮನೆ ‘ಹೋದಳು’ ಎನ್ನಬೇಕಾದಲ್ಲಿ ‘ಪ್ರಯಾಣ ಬೆಳೆಸಿದಳು’ ಎಂದಂತೆ ಕೇಳಿಸುತ್ತದೆ. ಆಕೆ ಹೇಗೆ ಹೋದಳೆಂಬುದೇ ಕಥೆಯ ಗುಟ್ಟಾಗಿದ್ದರೆ ಭಾಷಾಂತರಕಾರನ ಪಾಡನ್ನು ಊಹಿಸಬಹುದು. ಒಂದು ಭಾಷೆಯ ವ್ಯಾಕರಣ ಮತ್ತು ಪದಕೋಶಗಳು ಯಾವ ವಿವರವನ್ನು ಬಿಡಲು ಅವಕಾಶ ಕೊಡುವುದಿಲ್ಲ ಎಂಬ, ರೋಮನ್ ಯಾಕಬ್‌ಸನ್ 1959ರ ಲೇಖನದಲ್ಲಿ ಎತ್ತಿದ ಪ್ರಶ್ನೆ ಇಲ್ಲಿ ನಿತ್ಯದ ಸಂಕಟವಾಗುತ್ತದೆ.

‘ರನ್’ ಇನ್ನೊಂದು ಬಗೆಯಲ್ಲಿ ಕಾಡುತ್ತದೆ. ‘ರೆನ್ನೆನ್’ ರಭಸದ ಓಟ. ‘ಲೌಫೆನ್’ ಓಟವೂ ಹೌದು, ನಡಿಗೆಯೂ ಹೌದು. ಮ್ಯಾರಥಾನ್ ಓಡುವುದಕ್ಕೂ ಮಗು ನಡೆಯಲು ಕಲಿಯುವುದಕ್ಕೂ ಇದೇ ಪದ. ಸ್ವಾಬಿಯನ್ ಉಪಭಾಷೆಯಲ್ಲಂತೂ ‘ಲೌಫೆನ್’ ಎಂದರೆ ನಡೆಯುವುದು. ಶಿಷ್ಟ ಜರ್ಮನ್ನಿನಲ್ಲಿ ಜಿಗಿಯುವ ‘ಶ್ಪ್ರಿಂಗೆನ್’ ಅಲ್ಲಿ ಓಡುತ್ತದೆ.

‘ಪೇಸ್’ ಪದದಲ್ಲಿ ಹೆಜ್ಜೆ, ವೇಗ, ಕುದುರೆಯ ನಡೆ, ಕಥನದ ಗತಿ ಎಲ್ಲವೂ ಒಟ್ಟಿಗಿವೆ. ಜರ್ಮನ್ ಇವನ್ನು ‘ಶ್ರಿಟ್’, ‘ಟೆಂಪೊ’, ‘ಗಾಂಗ್‌ಆರ್ಟ್’ ಎಂದು ಹಂಚುತ್ತದೆ. ಚಿಂತೆಗೊಳಗಾದ ಪಾತ್ರ ಕೋಣೆಯಲ್ಲಿ ‘ಪೇಸ್’ ಮಾಡಿದರೆ ಜರ್ಮನ್ನಿನಲ್ಲಿ ಸಾಮಾನ್ಯವಾಗಿ ಅದು ಅತ್ತಿಂದಿತ್ತ ‘ನಡೆಯುತ್ತದೆ’, ಅಷ್ಟೆ. ಕ್ರಿಯಾಪದದೊಳಗಿನ ತಳಮಳ ಸೋರಿಹೋಗುತ್ತದೆ. (ಕನ್ನಡದ ‘ಶತಪಥ ಹಾಕು’ ಇಲ್ಲಿ ಜರ್ಮನ್ನಿಗಿಂತ ಸಮರ್ಥವಾದುದು.)

ಭಾಷಾಂತರ ವಿಮರ್ಶೆ ಬಹುಮಟ್ಟಿಗೆ ಇಂಥ ಸೋರಿಕೆಗಳನ್ನೇ ಎಣಿಸುತ್ತ ಬಂದಿದೆ. ಗುರಿಭಾಷೆಯ ಒತ್ತಾಯದಿಂದ ಸೇರಿಕೊಳ್ಳುವ ವಿವರಗಳು ಅದರ ಲೆಕ್ಕಕ್ಕೆ ಸಿಗುವುದು ವಿರಳ. ಕನ್ನಡದ ವಿಮರ್ಶಕನಿಗೆ ಇದು ಕಾಣದಿರುವುದಕ್ಕೆ ವಿಶೇಷ ಕಾರಣವೂ ಇದೆ. ಕನ್ನಡದ ‘ಹೋಗು’ ಕೂಡ ‘ಗೋ’ದಂತೆಯೇ ಸಾಧನವನ್ನು ಕೇಳುವುದಿಲ್ಲ. ಜರ್ಮನ್ ಕೃತಿಯೊಂದು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವಾಗ ‘ಫಾರೆನ್’ ಮೊದಲು ‘ಗೋ’ ಆಗಿ, ಬಳಿಕ ‘ಹೋಗು’ ಆಗಿ ಇಳಿದಿರಬಹುದು. ಎರಡನೆಯ ಹಂತದಲ್ಲಿ ಮೂಲನಿಷ್ಠೆಗೆ ಕುಂದಿಲ್ಲ. ಆ ನಿಷ್ಠೆಯಿಂದಾಗಿಯೇ ಮೊದಲ ಹಂತದಲ್ಲಿ ಇಳಿದುಹೋದ ಗಾಡಿ ಇಂಗ್ಲಿಷನ್ನಷ್ಟೇ ಎದುರಿಗಿಟ್ಟುಕೊಂಡು ತೌಲನಿಕವಾಗಿ ಪರಿಶೀಲಿಸುವವನ ಕಣ್ಣಿಗೆ ಬೀಳುವುದಿಲ್ಲ.