ಏಳು ಬ್ಯಾಂಡಿನ ಗಡಿ ದಾಟುವುದು ಹೇಗೆ?

ಕಾಸರಗೋಡು: ಉಪ್ಪಳ, ಕುಂಬಳೆ ಕಡೆಯಿಂದ ಹಿಂದೆ ಗಲ್ಫಿಗೆ ಹೋದವರ ಇಂಗ್ಲಿಷನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಪಾಸ್‌ಪೋರ್ಟ್, ವೀಸಾ, ಅಲ್ಲೊಬ್ಬ ನೆಂಟ ಇದ್ದರೆ ಸಾಕಿತ್ತು. ಭಾಷೆಯನ್ನು ಅಂಗಡಿಯಲ್ಲಿ ನಿಂತೇ ಕಲಿತರು. ಈಗ ಬ್ರಿಟನ್, ಆಸ್ಟ್ರೇಲಿಯಾ ಎಂದು ಕನಸು ಕಾಣುವ ನಮ್ಮೂರ ನರ್ಸಿಂಗ್ ಮಕ್ಕಳಿಗೆ ವಿಮಾನ ಹತ್ತುವ ಮೊದಲೇ ಪರೀಕ್ಷೆ. ಒಂದೋ ಐಇಎಲ್‌ಟಿಎಸ್, ಇಲ್ಲವೇ ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿ.

ಬಾಗಿಲು ಬಿಗಿಯಾಗುತ್ತಲೂ ಇದೆ. ಬ್ರಿಟನ್ 2025 ಜುಲೈಯಲ್ಲಿ ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ನಿಲ್ಲಿಸಿತು. 2026 ಜನವರಿ 8ರಿಂದ ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವವರಿಗೆ ಬೇಕಾದ ಇಂಗ್ಲಿಷ್ ಮಟ್ಟ ಬಿ1ರಿಂದ ಬಿ2ಕ್ಕೆ ಏರಿತು. ನರ್ಸ್‌ಗಳಿಗೆ ಇದಕ್ಕಿಂತ ಕಠಿಣ ನಿಯಮ ಮೊದಲೇ ಇತ್ತು. ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಕೇಳುವುದು ಐಇಎಲ್‌ಟಿಎಸ್‌ನ ಓದು, ಆಲಿಸುವಿಕೆ, ಮಾತು ಮೂರರಲ್ಲೂ ತಲಾ 7, ಬರವಣಿಗೆಯಲ್ಲಿ 6.5. ಮೊದಲು ಬರವಣಿಗೆಗೂ 7 ಬೇಕಿತ್ತು. ಒಳ್ಳೆಯ ನರ್ಸ್‌ಗಳೂ ಅರ್ಧ ಅಂಕಕ್ಕೆ ಉರುಳುತ್ತಿದ್ದಾರೆಂದು 2018ರ ಕೊನೆಗೆ ಇಳಿಸಿದರು.

ಆ ಅರ್ಧ ಅಂಕದಲ್ಲೇ ನಮ್ಮ ಮಕ್ಕಳ ಕಥೆಯೂ ಇದೆ. ಅವರು ಸೋಲುವುದು ಮಾತಿನಲ್ಲಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ, ಕೊಂಕಣಿ ಅಥವಾ ಮರಾಠಿ. ವ್ಯಾಕರಣ ಪುಸ್ತಕ ಮುಟ್ಟದೆ ಮೂರು ನಾಲ್ಕು ಭಾಷೆಯನ್ನು ಕಿವಿಯಲ್ಲೇ ಕಲಿತ ಮಕ್ಕಳಿವರು. ಐಇಎಲ್‌ಟಿಎಸ್‌ನಲ್ಲಿ ಪರೀಕ್ಷಕರ ಜತೆಗಿನ ಮಾತುಕತೆ 11ರಿಂದ 14 ನಿಮಿಷ. ಬಿಳಿಯರಂತೆ ಉಚ್ಚರಿಸಬೇಕೆಂದಿಲ್ಲ, ಕೇಳುವವರಿಗೆ ತಿಳಿದರೆ ಸಾಕು. ‘ಎಂಟು’ವನ್ನು ‘ಯೆಂಟು’ ಎನ್ನುವ ನಾಲಗೆ ‘ಎಗ್’ ಅನ್ನು ‘ಯೆಗ್’ ಮಾಡಿದರೂ ಲೋಕ ಮುಳುಗುವುದಿಲ್ಲ.

ಮುಳುಗುವುದು ಬರವಣಿಗೆಯಲ್ಲಿ. ಒಂದು ಗಂಟೆಯಲ್ಲಿ ಎರಡು ಬರಹ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ, ಅಂಕದಲ್ಲಿ ಅದರ ತೂಕ ಮೊದಲನೆಯದಕ್ಕಿಂತ ಇಮ್ಮಡಿ. ಒಂದು ವಿಷಯ ಕೊಟ್ಟು ‘ನೀವು ಒಪ್ಪುತ್ತೀರಾ, ಇಲ್ಲವಾ? ಏಕೆ?’ ಎಂಬಂಥ ಪ್ರಶ್ನೆ ಕೇಳುತ್ತಾರೆ. ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಹೀಗೆ ಕೇಳಿದವರು ಯಾರು? ಪ್ರಬಂಧವೆಂದರೆ ಮಾಷ್ಟ್ರು ಬರೆಸಿದ್ದು, ಬಾಯಿಪಾಠ ಮಾಡಿದ್ದು. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿಗೆ ಎ ಪ್ಲಸ್ ಬಂದ ಹುಡುಗಿಯೂ ಸ್ವಂತ ಅಭಿಪ್ರಾಯ ಹೇಳಿ ಕಾರಣ ಕೊಡಲು ತಡವರಿಸುತ್ತಾಳೆ. ಕೊರತೆ ಇಂಗ್ಲಿಷಿನದಲ್ಲ, ಅಭ್ಯಾಸದ್ದು. ಕನ್ನಡದಲ್ಲೇ ಬರೆಯೆಂದರೂ ಅವಳಿಗೆ ಅಷ್ಟೇ ಕಷ್ಟ.

ಈ ಜಾಗದಲ್ಲೇ ಕೋಚಿಂಗ್ ವ್ಯಾಪಾರ ಕುದುರುತ್ತದೆ. ಯಾವ ವಿಷಯಕ್ಕೂ ಹೊಂದುವ ಆರಂಭ, ಯಾವ ವಿಷಯಕ್ಕೂ ಹೊಂದುವ ಮುಕ್ತಾಯ, ನಡುವೆ ಹತ್ತಿಪ್ಪತ್ತು ದೊಡ್ಡ ದೊಡ್ಡ ಪದ. ಇಂಥ ಅಚ್ಚು ಪ್ರಬಂಧಗಳನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿಯೇ ಇದೆ, ಬಾಯಿಪಾಠದ ಉತ್ತರಕ್ಕೆ ಅಂಕ ಇಳಿಯುತ್ತದೆ. ಆದರೂ ‘ಏಳು ಗ್ಯಾರಂಟಿ’ ಎಂಬ ಫ್ಲೆಕ್ಸ್ ಇಳಿಯುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಇನ್ನೊಂದು ತೊಡಕಿದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗು ಪ್ಲಸ್ ವನ್‌ಗೆ ಬಂದಾಗ ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೇ ನೇಮಿಸಿದ್ದರ ವಿರುದ್ಧ ಇಲ್ಲಿ ಎಷ್ಟು ಹೋರಾಟಗಳಾದವೆಂದು ಓದುಗರಿಗೆ ಗೊತ್ತು. ಮುಂದೆ ಇಂಗ್ಲಿಷ್ ಕೋಚಿಂಗಿಗೆ ಹೋದರೂ ತಪ್ಪು ತಿದ್ದುವುದು ಮಲಯಾಳದ ಮೂಲಕ. ಮಾತು ಅರ್ಥವಾಗುತ್ತದೆ ನಿಜ. ಆದರೆ ನಮ್ಮ ಮಕ್ಕಳು ‘ಎ’, ‘ದಿ’ ಎಲ್ಲಿ ಬಿಡುತ್ತಾರೆ, ಕ್ರಿಯಾಪದವನ್ನು ಕೊನೆಗೆ ತಳ್ಳುವ ರೂಢಿಯಿಂದ ಉದ್ದ ವಾಕ್ಯ ಎಲ್ಲಿ ಸಿಕ್ಕಾಗುತ್ತದೆ ಎಂಬುದನ್ನು ಕನ್ನಡದ ವಾಕ್ಯ ಪಕ್ಕಕ್ಕಿಟ್ಟು ತೋರಿಸುವವರು ಬೇಕು.

ಖರ್ಚು ಸಣ್ಣದಲ್ಲ. ಐಇಎಲ್‌ಟಿಎಸ್ ಒಂದು ಸಲಕ್ಕೆ ಹದಿನೇಳು, ಹದಿನೆಂಟು ಸಾವಿರ ರೂಪಾಯಿ. ಒಇಟಿಗೆ ಮೂವತ್ತು ಸಾವಿರ ದಾಟುತ್ತದೆ. ನರ್ಸಿಂಗ್ ಸಾಲದ ಕಂತು ಕಟ್ಟುವ ಮನೆಗೆ ಎರಡನೇ ಸಲದ ಶುಲ್ಕವೆಂದರೆ ಅಡಿಕೆ ಮಾರಿದ ದುಡ್ಡು. ಐಇಎಲ್‌ಟಿಎಸ್ ಅಂಕಪಟ್ಟಿಗೆ ಸಾಮಾನ್ಯವಾಗಿ ಎರಡೇ ವರ್ಷ ಬೆಲೆ. ಕೆಲಸ ಸಿಗುವುದು ತಡವಾದರೆ ಮತ್ತೆ ಮೊದಲಿನಿಂದ.

ಸರಕಾರ ಸುಮ್ಮನಿಲ್ಲ ಎನ್ನಬೇಕು. ನೋರ್ಕಾ ರೂಟ್ಸ್ ತಿರುವನಂತಪುರ ಮತ್ತು ಕೋಝಿಕ್ಕೋಡಿನಲ್ಲಿ ವಿದೇಶಿ ಭಾಷಾ ಕಲಿಕಾ ಸಂಸ್ಥೆ ನಡೆಸುತ್ತಿದೆ. ಬಡವರಿಗೆ, ಪರಿಶಿಷ್ಟರಿಗೆ ಉಚಿತ, ಉಳಿದವರಿಗೆ ರಿಯಾಯಿತಿ. ಜರ್ಮನಿಗೆ ನರ್ಸ್‌ಗಳನ್ನು ಕಳಿಸುವ ಟ್ರಿಪಲ್ ವಿನ್ ಯೋಜನೆಯೂ ಇದೆ. ಆಯ್ಕೆಯಾದವರಿಗೆ ಜರ್ಮನ್ ಭಾಷೆಯನ್ನು ಬಿ1ರವರೆಗೆ ಪುಕ್ಕಟೆ ಕಲಿಸುತ್ತಾರೆ. ಆದರೆ ಮಂಜೇಶ್ವರದಿಂದ ಕೋಝಿಕ್ಕೋಡಿಗೆ ಇನ್ನೂರು ಕಿಲೋಮೀಟರು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮಂಗಳೂರಿದೆ, ಅಲ್ಲಿ ಕೇರಳದ ರಿಯಾಯಿತಿ ನಡೆಯದು. ಗಡಿಯವರ ಹಣೆಬರಹವೇ ಇದು, ಹತ್ತಿರದ್ದು ನಮ್ಮದಲ್ಲ, ನಮ್ಮದು ಹತ್ತಿರವಿಲ್ಲ.

ಹಾಗಾಗಿ ಕೇಳಬೇಕಾದದ್ದು ದೊಡ್ಡ ಸಂಸ್ಥೆಯನ್ನಲ್ಲ. ಕಾಸರಗೋಡಿನಲ್ಲೋ ಮಂಜೇಶ್ವರದಲ್ಲೋ ನೋರ್ಕಾದ ಒಂದು ಬ್ಯಾಚ್, ಅದರಲ್ಲಿ ಕನ್ನಡ ಬಲ್ಲ ಒಬ್ಬ ಬೋಧಕರು. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ನಾಮಫಲಕ, ಅರ್ಜಿ ನಮೂನೆ ಎಂದಷ್ಟೇ ನಾವು ಇಷ್ಟು ದಿನ ಹೋರಾಡಿದೆವು. ಅದು ಬೇಕು. ಮಕ್ಕಳ ಹೊಟ್ಟೆಪಾಡಿನ ಪರೀಕ್ಷೆಯೂ ಆ ಪಟ್ಟಿಗೆ ಸೇರಬೇಕು.

ಅಲ್ಲಿಯವರೆಗೆ ಮನೆಯಲ್ಲೇ ಆಗುವ ಕೆಲಸವೊಂದಿದೆ. ಪತ್ರಿಕೆಯ ಒಂದು ಸುದ್ದಿ ತೆಗೆದುಕೊಂಡು ಒಪ್ಪಿಗೆಯೋ ಅಲ್ಲವೋ ಎಂದು ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ, ಕಾರಣ ಸಮೇತ. ಆಮೇಲೆ ಅದೇ ವಿಚಾರವನ್ನು ಇಂಗ್ಲಿಷಿನಲ್ಲಿ, ಸಣ್ಣ ವಾಕ್ಯಗಳಲ್ಲಿ. ಆಲಿಸುವ ಪರೀಕ್ಷೆಯಲ್ಲಿ ಧ್ವನಿಮುದ್ರಿಕೆ ಒಂದೇ ಸಲ ಕೇಳಿಸುತ್ತದೆ, ಕಾಗುಣಿತ ತಪ್ಪಿದರೆ ಅಂಕವಿಲ್ಲ. ಆದ್ದರಿಂದ ಕೇಳಿದ್ದನ್ನು ಬರೆದು ನೋಡುವ ಅಭ್ಯಾಸವೂ ಇರಲಿ.

ಅಂಕ ‘ಮಾಡಿಸಿ ಕೊಡುವ’ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಒಂದು ವಿಭಾಗದಲ್ಲಿ ಅರ್ಧ ಅಂಕ ಕಡಿಮೆ ಬಂದವರು ಗಾಬರಿಯಾಗಬೇಕಿಲ್ಲ. ಎರಡು ಪರೀಕ್ಷೆಗಳ ಅಂಕ ಜೋಡಿಸಿ ಕೊಡಲು ಬ್ರಿಟನ್ನಿನ ಕೌನ್ಸಿಲ್ ಷರತ್ತಿನ ಮೇಲೆ ಒಪ್ಪುತ್ತದೆ. ಅವುಗಳ ನಡುವಿನ ಆರು ತಿಂಗಳ ಗಡುವನ್ನು 2023ರಲ್ಲಿ ಒಂದು ವರ್ಷಕ್ಕೆ ಹಿಗ್ಗಿಸಿದೆ. ಎರಡನೇ ಸಲ ಹಣ ಕಟ್ಟುವ ಮೊದಲು ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಆ ಷರತ್ತುಗಳನ್ನು ಓದಿಕೊಳ್ಳಿ.